ಹಂಗಿನ ಅನ್ನ, ಹಂಗಿಲ್ಲದ ಮತ



ಅನ್ಯರ ಕೈಯಿಂದ ಅನ್ನವನ್ನುಂಡವನು ಎಲ್ಲರಿಗೂ ಸಮನಾದ ನ್ಯಾಯವನ್ನು ನೀಡಬಲ್ಲನೇ? ಈ ಪ್ರಶ್ನೆ ಹೊಸದಲ್ಲ. ಅರಸನ ಆಶ್ರಯದಲ್ಲಿದ್ದ ಕವಿಗೆ, ಊರಿನ ನ್ಯಾಯ ಹೇಳುವ ಹಿರಿಯರಿಗೆ, ದಾನದಿಂದ ನಡೆಯುವ ಸಂಸ್ಥೆಗಳ ಆಡಳಿತಗಾರರಿಗೆ ಇದು ಒಂದಿಲ್ಲೊಂದು ದಿನ ಎದುರಾಗಿಯೇ ತೀರುತ್ತದೆ. ಪ್ರಜಾಪ್ರಭುತ್ವದ ಈ ಕಾಲದಲ್ಲಂತೂ ಶಾಸನಗಳನ್ನು ರಚಿಸುವ ಪ್ರತಿನಿಧಿಯನ್ನು ಕುರಿತು ನಾವು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆಯೇ ಇದಾಗಿದೆ. ಅವನು ಆಸನವೇರುವುದು ನಮ್ಮ ಮತದಿಂದ. ಆದರೆ ಆ ಮತವನ್ನು ಕೇಳಲು ನಮ್ಮ ಬಾಗಿಲಿಗೆ ಬರುವ ದಾರಿಯ ವೆಚ್ಚವನ್ನು ಬಹುಸಂದರ್ಭಗಳಲ್ಲಿ ಮತ್ತಾರೋ ಕೊಟ್ಟಿರುತ್ತಾರೆ.

ಇದನ್ನು ಕುರಿತು ವಿಚಾರ ಮಾಡುವುದಕ್ಕೆ ನಮ್ಮ ನುಡಿಯಲ್ಲಿ 'ಹಂಗು' ಎಂಬ ಒಂದು ಅಪೂರ್ವವಾದ ಪದವಿದೆ. ಹಂಗು ಎಂದರೆ ಋಣವಲ್ಲ. ಋಣವನ್ನು ಲೆಕ್ಕ ಹಾಕಿ ತೀರಿಸಬಹುದು. ಅದು ಕೃತಜ್ಞತೆಯೂ ಅಲ್ಲ. ಕೃತಜ್ಞತೆ ಹೃದಯದಿಂದ ತಾನಾಗಿ ಹೊಮ್ಮುವಂಥದು. ಕೊಟ್ಟವನು ಬಾಯಿ ತೆರೆಯುವ ಮೊದಲೇ ಪಡೆದವನ ಕೊರಳು ಬಾಗುವುದಲ್ಲ, ಅದೇ ಹಂಗು. ಶರಣರು ಕಾಯಕಕ್ಕೆ ಅಷ್ಟೊಂದು ಮಹತ್ತ್ವವನ್ನು ಕೊಟ್ಟದ್ದು ಮನುಷ್ಯನು ಈ ಬಾಗುವಿಕೆಯಿಂದ ಪಾರಾಗಲಿ ಎಂಬ ಉದ್ದೇಶದಿಂದಲೂ ಹೌದು.

ಈ ಪ್ರಶ್ನೆಯನ್ನು ಬರಿಯ ತತ್ತ್ವದ ಮಾತಿನಲ್ಲಿ ಬಿಡಿಸುವುದಕ್ಕಿಂತ ಒಬ್ಬ ವ್ಯಕ್ತಿಯ ಬಾಳನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಅಂಥ ಒಬ್ಬರು ಅಮೆರಿಕೆಯ ಸೆನೆಟ್ ಸಭೆಯಲ್ಲಿ ವಿಸ್ಕಾನ್ಸಿನ್ ರಾಜ್ಯವನ್ನು ಪ್ರತಿನಿಧಿಸಿದ ವಿಲಿಯಂ ಪ್ರಾಕ್ಸ್‌ಮೈರ್. ಅವರು ೧೯೧೫ರಲ್ಲಿ ಹುಟ್ಟಿ, ೧೯೫೭ರಲ್ಲಿ ಉಪಚುನಾವಣೆಯೊಂದರಲ್ಲಿ ಗೆದ್ದು ಸೆನೆಟನ್ನು ಪ್ರವೇಶಿಸಿ, ೧೯೮೯ರ ಆರಂಭದಲ್ಲಿ ನಿವೃತ್ತರಾದರು, ೨೦೦೫ರಲ್ಲಿ ತೀರಿಕೊಂಡರು. ಅವರನ್ನು ಮಹಾತ್ಮರೆಂದು ತಮ್ಮ ಮುಂದೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಒಬ್ಬ ಪ್ರತಿನಿಧಿಯನ್ನು ಅಳೆಯಲು ಬೇಕಾದ ಮೂರು ಲೆಕ್ಕದ ಪುಸ್ತಕಗಳು, ಎಂದರೆ ಹಾಕಿದ ಮತ, ಹೊತ್ತ ಮಸೂದೆ, ಪಡೆದ ಹಣ, ಈ ಮೂರೂ ಅವರ ವಿಷಯದಲ್ಲಿ ತೆರೆದು ಕಾಣುತ್ತವೆ. ಆದ್ದರಿಂದಲೇ ಈ ಆಯ್ಕೆ.

ಮೊದಲನೆಯ ಪುಸ್ತಕವನ್ನು ತೆರೆಯೋಣ. ಅಮೆರಿಕೆಯ ಸಂವಿಧಾನದ ಪ್ರಕಾರ ಹಾಜರಿದ್ದ ಸದಸ್ಯರಲ್ಲಿ ಐದರಲ್ಲೊಂದು ಪಾಲಿನವರು ಕೇಳಿದರೆ, ಯಾರು ಪರವಾಗಿ, ಯಾರು ವಿರೋಧವಾಗಿ ಮತವಿತ್ತರೆಂಬುದನ್ನು ಹೆಸರು ಸಹಿತ ಸಭೆಯ ದಾಖಲೆಯಲ್ಲಿ ಬರೆದಿಡಬೇಕು. ಹೀಗೆ ಹೆಸರು ಕೂಗಿ ಪಡೆಯುವ ಮತದಾನಗಳಲ್ಲಿ, ೧೯೬೬ರ ಏಪ್ರಿಲ್ ತಿಂಗಳಿಂದ ೧೯೮೮ರ ಅಕ್ಟೋಬರ್ ತಿಂಗಳವರೆಗೆ, ಪ್ರಾಕ್ಸ್‌ಮೈರ್ ಅವರು ಒಂದನ್ನೂ ತಪ್ಪಿಸಿಕೊಳ್ಳದೆ ಸತತವಾಗಿ ೧೦,೨೫೨ ಮತಗಳನ್ನು ಹಾಕಿದರು. ಇಪ್ಪತ್ತೆರಡು ವರ್ಷಗಳ ಕಾಲ ಜ್ವರ ಬಂದರೂ, ಪ್ರವಾಸವಿದ್ದರೂ, ಬೇಸರವಾದರೂ ತಮ್ಮ ಹೆಸರು ಕೂಗಿದಾಗ ಅವರು ಅಲ್ಲಿದ್ದರು.

ಹಾಜರಿಯೇ ಸದ್ಗುಣವೇ ಎಂದು ತಾವು ಕೇಳಬಹುದು. ಕೇಳಬೇಕಾದದ್ದೇ. ಪ್ರತಿ ಪೂಜೆಗೂ ತಪ್ಪದೆ ಬಾರಿಸುವ ಗಂಟೆಗೆ ಭಕ್ತಿಯಿದೆ ಎನ್ನಲಾದೀತೆ? ಆ ಹತ್ತು ಸಾವಿರ ಮತಗಳಲ್ಲಿ ಅಲ್ಪ ವಿಷಯಗಳ ಮೇಲಿನವು ಅನೇಕವಿದ್ದವು. ದಾಖಲೆ ಬೆಳೆದಂತೆಲ್ಲ ಅದನ್ನು ಕಾಪಾಡುವುದೇ ಒಂದು ಮೋಹವಾಗುವ ಅಪಾಯವೂ ಉಂಟು. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. ಗೈರುಹಾಜರಿ ಎಂಬುದು ಶಾಸಕನಿಗೆ ಬಹಳ ಅನುಕೂಲವಾದ ಅಡಗುದಾಣ. ಎರಡು ಪ್ರಬಲ ಪಕ್ಷಗಳ ನಡುವೆ ಸಿಕ್ಕಿಕೊಂಡಾಗ, ಯಾರನ್ನೂ ನೋಯಿಸದಿರಲು ಅಂದು ಊರಲ್ಲಿಲ್ಲದಿರುವುದೇ ಅತ್ಯಂತ ಸುಲಭವಾದ ಉಪಾಯ. ಎಲ್ಲ ಮತದಾನಗಳಿಗೂ ಹಾಜರಾಗುವವನು ತನಗೆ ತಾನೇ ಆ ಅಡಗುದಾಣವನ್ನು ಮುಚ್ಚಿಕೊಳ್ಳುತ್ತಾನೆ; ಅವನ ಸರಿ ತಪ್ಪುಗಳೆರಡೂ ಹೆಸರಿನೊಡನೆ ಉಳಿಯುತ್ತವೆ. ಆದ್ದರಿಂದ ಹಾಜರಿಯು ಸದ್ಗುಣವಲ್ಲವಾದರೂ, ಸದ್ಗುಣವೋ ದುರ್ಗುಣವೋ ಬೆಳಕಿಗೆ ಬರುವಂತೆ ಮಾಡುವ ಸಾಧನ.

ಎರಡನೆಯದು ಹೊತ್ತ ಮಸೂದೆಗಳ ಪುಸ್ತಕ. ಇಲ್ಲಿ ಎರಡು ಸಂಗತಿಗಳನ್ನು ಹೇಳುತ್ತೇನೆ.

ಒಂದು ಸಾಲದ ಬಡ್ಡಿಗೆ ಸಂಬಂಧಿಸಿದ್ದು. ನೂರು ರೂಪಾಯಿ ಸಾಲ, ವರ್ಷಕ್ಕೆ ಆರು ರೂಪಾಯಿ ಬಡ್ಡಿ, ಹನ್ನೆರಡು ಸಮಕಂತುಗಳಲ್ಲಿ ತೀರಿಸಬೇಕು ಎಂದರೆ ನೂರಕ್ಕೆ ಆರರ ದರವೆಂದೇ ನಾವು ತಿಳಿಯುತ್ತೇವೆ. ಆದರೆ ತಿಂಗಳು ತಿಂಗಳೂ ಅಸಲು ಕರಗುತ್ತಾ ಬರುವುದರಿಂದ, ವರ್ಷದುದ್ದಕ್ಕೂ ನಮ್ಮ ಕೈಯಲ್ಲಿ ಸರಾಸರಿ ಇರುವ ಹಣ ಐವತ್ತನಾಲ್ಕು ರೂಪಾಯಿಯಷ್ಟೆ. ನಿಜವಾದ ದರ ನೂರಕ್ಕೆ ಸುಮಾರು ಹನ್ನೊಂದು. ಅಮೆರಿಕೆಯ ಸಾಮಾನ್ಯ ಜನರೂ ಹೀಗೆಯೇ ಮೋಸಹೋಗುತ್ತಿದ್ದರು. ಸಾಲ ಕೊಡುವವನು ನಿಜವಾದ ವಾರ್ಷಿಕ ದರವನ್ನು ಬಾಯಿ ಬಿಟ್ಟು ಹೇಳಲೇಬೇಕೆಂಬ ಮಸೂದೆಯನ್ನು ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್ ೧೯೬೦ರಲ್ಲಿ ಮಂಡಿಸಿದರು. ಅದು ವರ್ಷ ವರ್ಷವೂ ನೆನೆಗುದಿಗೆ ಬಿದ್ದಿತು. ೧೯೬೬ರ ಚುನಾವಣೆಯಲ್ಲಿ ಡಗ್ಲಸ್ ಅವರೇ ಸೋತುಹೋದರು. ಸೋತವರ ಮಸೂದೆಯನ್ನು ಎತ್ತಿಕೊಂಡು ಮುನ್ನಡೆಸಿದವರು ಪ್ರಾಕ್ಸ್‌ಮೈರ್. ೧೯೬೮ರ ಮೇ ತಿಂಗಳಲ್ಲಿ ಅದು ಕಾಯಿದೆಯಾಯಿತು. ಮುಂದೆ ಅವರು ಬ್ಯಾಂಕುಗಳ ವಿಷಯದ ಸಮಿತಿಗೆ ಅಧ್ಯಕ್ಷರಾಗಿದ್ದಾಗ, ಬಡವರ ಬಡಾವಣೆಗಳಿಂದ ಠೇವಣಿಯನ್ನು ಪಡೆಯುವ ಬ್ಯಾಂಕು ಅಲ್ಲಿನವರ ಸಾಲದ ಅಗತ್ಯವನ್ನೂ ನೋಡಬೇಕೆಂಬ ಕಾಯಿದೆ ೧೯೭೭ರಲ್ಲಿ ಬಂದಿತು.

ಇನ್ನೊಂದು ಜನಾಂಗಹತ್ಯೆಯನ್ನು ತಡೆಯುವ ಅಂತರರಾಷ್ಟ್ರೀಯ ಒಡಂಬಡಿಕೆ. ವಿಶ್ವಸಂಸ್ಥೆ ಇದನ್ನು ೧೯೪೮ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ೧೯೪೯ರಲ್ಲಿ ಅಧ್ಯಕ್ಷ ಟ್ರೂಮನ್ ಅವರು ಅದನ್ನು ಸೆನೆಟ್ಟಿನ ಒಪ್ಪಿಗೆಗೆ ಕಳುಹಿಸಿದರು. ಅಲ್ಲಿ ಅದು ಕಡತದೊಳಗೆ ಮಲಗಿಬಿಟ್ಟಿತು. ೧೯೬೭ರ ಜನವರಿ ೧೧ರಂದು ಪ್ರಾಕ್ಸ್‌ಮೈರ್ ಎದ್ದು ನಿಂತು, ಇದಕ್ಕೆ ಒಪ್ಪಿಗೆ ದೊರೆಯುವವರೆಗೆ ಸಭೆ ಸೇರಿದ ದಿನವೆಲ್ಲ ಈ ವಿಷಯವನ್ನು ಕುರಿತು ಮಾತನಾಡುವೆನೆಂದು ಸಾರಿದರು. ೧೯೮೬ರ ಫೆಬ್ರವರಿ ೧೯ರಂದು ೮೩ಕ್ಕೆ ೧೧ ಮತಗಳಿಂದ ಒಪ್ಪಿಗೆ ದೊರೆಯುವಷ್ಟರಲ್ಲಿ ಅವರು ಮಾಡಿದ ಭಾಷಣಗಳು ೩,೨೧೧. ಒಪ್ಪಿಗೆಯೂ ಹಲವು ಷರತ್ತುಗಳೊಡನೆ ಬಂತೆಂಬುದು ನಿಜ. ಅದನ್ನು ಜಾರಿಗೊಳಿಸುವ ಕಾಯಿದೆಗೆ ಅಧ್ಯಕ್ಷ ರೇಗನ್ ಅವರು ಸಹಿ ಹಾಕಿದ್ದು ೧೯೮೮ರ ನವೆಂಬರಿನಲ್ಲಿ. ಆ ಕಾಯಿದೆಗೆ ಪ್ರಾಕ್ಸ್‌ಮೈರ್ ಅವರ ಹೆಸರನ್ನೇ ಇಡಲಾಯಿತು.

ಬಂಧುಗಳೇ, ಈ ಎರಡು ಮಸೂದೆಗಳಲ್ಲಿ ಸಾಮಾನ್ಯವಾದ ಅಂಶ ಯಾವುದು? ಇವುಗಳ ಹಿಂದೆ ಹಣವಂತರ ಬೇಡಿಕೆ ಇರಲಿಲ್ಲ. ಸಾಲಗಾರನಿಗೆ ಕಾಣಿಕೆ ಕೊಡಲು ಶಕ್ತಿಯಿಲ್ಲ. ಹತರಾದವರು ಕಾಣಿಕೆ ಕೊಡಲು ಬದುಕಿಯೇ ಇಲ್ಲ. ಕೊಡುವವರಿಲ್ಲದ ಕೆಲಸವನ್ನು ಹತ್ತೊಂಬತ್ತು ವರ್ಷ ಹೊತ್ತು ನಡೆದದ್ದನ್ನು ನೋಡಿದಾಗ, ಆ ಪ್ರತಿನಿಧಿಯ ಸಮಯ ಅವನದೇ ಆಗಿತ್ತು, ಯಾರಿಗೂ ಮಾರಾಟವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹೀಗೆ ನಾವು ಮೂರನೆಯ ಪುಸ್ತಕಕ್ಕೆ ಬರುತ್ತೇವೆ. ೧೯೭೧ರ ಕಾಯಿದೆ ಮತ್ತು ಅದರ ೧೯೭೪ರ ತಿದ್ದುಪಡಿಗಳಿಂದಾಗಿ ಅಮೆರಿಕೆಯಲ್ಲಿ ಅಭ್ಯರ್ಥಿಗಳು ತಾವು ಪಡೆದ ಹಣದ ಲೆಕ್ಕವನ್ನು ಬಹಿರಂಗಪಡಿಸಬೇಕಾಯಿತು. ೧೯೭೬ ಮತ್ತು ೧೯೮೨ರ ಚುನಾವಣೆಗಳಲ್ಲಿ ಪ್ರಾಕ್ಸ್‌ಮೈರ್ ಯಾರಿಂದಲೂ ಕಾಣಿಕೆಯನ್ನು ಸ್ವೀಕರಿಸಲಿಲ್ಲ. ಎರಡರಲ್ಲೂ ಅವರ ವೆಚ್ಚ ೨೦೦ ಡಾಲರುಗಳನ್ನು ಮುಟ್ಟಲಿಲ್ಲ. ೧೯೮೨ರಲ್ಲಿ ೧೪೫ ಡಾಲರ್ ೧೦ ಸೆಂಟುಗಳು. ಅದರಲ್ಲಿಯೂ ಬಹುಪಾಲು, ಕೇಳದೆ ಬಂದ ಕಾಣಿಕೆಗಳನ್ನು ಹಿಂದಕ್ಕೆ ಕಳುಹಿಸುವ ಅಂಚೆಯ ವೆಚ್ಚ.

ಇದನ್ನು ಓದುವಾಗ ತಮಗೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ನೆನಪಾಗದೆ ಇರರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದರೆಂಬುದು ನಮ್ಮ ಪರಂಪರೆಯ ಕಥೆ. ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆದರೂ ಅದು ಬೇಡವಾಯಿತು. ಅಗತ್ಯಕ್ಕಿಂತ ಮಿಗಿಲಾದ ಕೊಡುಗೆಯ ಹಿಂದೆ ಕೊಡುವವನ ಇಚ್ಛೆ ಮನೆಯೊಳಗೆ ಕಾಲಿಡುತ್ತದೆಂಬುದನ್ನು ಆ ತಾಯಿ ಅರಿತಿದ್ದರು.

ಆದರೆ ಇಷ್ಟಕ್ಕೇ ಲೇಖನವನ್ನು ಮುಗಿಸಿದರೆ ನಾನು ಸತ್ಯಕ್ಕೆ ಅಪಚಾರ ಮಾಡಿದಂತಾಗುತ್ತದೆ. ಕೆಲವು ಆಕ್ಷೇಪಗಳನ್ನು ಎದುರಿಸಲೇಬೇಕು.

ಪ್ರಾಕ್ಸ್‌ಮೈರ್ ಅವರಿಗೆ ಹಣವನ್ನು ತಳ್ಳಿಹಾಕುವ ಶಕ್ತಿ ಬಂದದ್ದು ಎಲ್ಲಿಂದ? ಅವರು ಸೆನೆಟ್ ಪ್ರವೇಶಿಸುವ ಮುನ್ನ ೧೯೫೨, ೧೯೫೪, ೧೯೫೬ರಲ್ಲಿ ರಾಜ್ಯಪಾಲ ಪದವಿಗೆ ಸ್ಪರ್ಧಿಸಿ ಮೂರು ಬಾರಿಯೂ ಸೋತಿದ್ದರು. ಆ ರಾಜ್ಯದಲ್ಲಿ ಅವರ ಹೆಸರು ಮನೆಮಾತಾಗಲು ವರ್ಷಗಳೇ ಬೇಕಾದವು. ೧೯೭೬ರಲ್ಲಿ ನೂರಕ್ಕೆ ೭೦ಕ್ಕೂ ಮಿಕ್ಕಿ ಮತ ಪಡೆಯಬಲ್ಲ ವ್ಯಕ್ತಿಗೆ ಪ್ರಚಾರದ ಹಣ ಏಕೆ ಬೇಕು? ಅವರ ಎದುರು ನಿಂತ ಅಪರಿಚಿತನಿಗೆ ಬೇಕಾಗಿತ್ತು. ಯಾರೂ ಕಾಣಿಕೆ ಪಡೆಯಬಾರದೆಂಬ ನಿಯಮವನ್ನು ಎಲ್ಲರಿಗೂ ವಿಧಿಸಿದರೆ ಉಳಿಯುವವರು ಇಬ್ಬರೇ: ಆಗಲೇ ಪ್ರಸಿದ್ಧನಾದವನು ಮತ್ತು ಹುಟ್ಟಿನಿಂದ ಸಿರಿವಂತನಾದವನು. ಬಡವರ ಮಗ ಸಭೆಯ ಮೆಟ್ಟಿಲನ್ನು ಹತ್ತಲಾರ. ಆದ್ದರಿಂದ ಅವರ ನಡೆಯನ್ನು ಒಂದು ವ್ರತವೆಂದು ಗೌರವಿಸಬಹುದೇ ಹೊರತು ಎಲ್ಲರಿಗೂ ಸಲ್ಲುವ ಧರ್ಮವೆಂದು ವಿಧಿಸಲಾಗದು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಹಣದ ಹಂಗನ್ನು ತೊರೆದವರು ಎಲ್ಲ ಹಂಗುಗಳನ್ನೂ ತೊರೆದರೆ? ಸರಕಾರದ ದುಂದುವೆಚ್ಚವನ್ನು ಅಷ್ಟೊಂದು ಉಗ್ರವಾಗಿ ಖಂಡಿಸುತ್ತಿದ್ದ ಪ್ರಾಕ್ಸ್‌ಮೈರ್, ಹಾಲಿನ ಬೆಲೆಗೆ ಸರಕಾರ ಕೊಡುತ್ತಿದ್ದ ಬೆಂಬಲವನ್ನು ಮಾತ್ರ ಸಮರ್ಥಿಸುತ್ತಿದ್ದರು. ವಿಸ್ಕಾನ್ಸಿನ್ ಹೈನುಗಾರರ ನಾಡೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ರೈತರ ಪ್ರತಿನಿಧಿ ರೈತರ ಪರವಾಗಿ ಮಾತನಾಡುವುದು ತಪ್ಪಲ್ಲ. ಅದು ಅವನ ಕಾಯಕವೇ. ಆದರೆ ಊರಿಗೆಲ್ಲ ಒಂದು ಕೊಳಗ, ತನ್ನವರಿಗೆ ಇನ್ನೊಂದು ಕೊಳಗ ಇಟ್ಟುಕೊಂಡಾಗ ಅಲ್ಲಿ ಹಂಗು ಇಣುಕುತ್ತದೆ. ಅದು ಹಣದ ಹಂಗಲ್ಲ, ಮತದ ಹಂಗು.

ಮೂರನೆಯದು ಕೀರ್ತಿಯ ಹಂಗು. ೧೯೭೫ರಿಂದ ಅವರು ಪ್ರತಿ ತಿಂಗಳೂ ಸರಕಾರದ ಒಂದೊಂದು ದುಂದುವೆಚ್ಚವನ್ನು ಹೆಕ್ಕಿ, ಪರಿಹಾಸ್ಯದ 'ಪ್ರಶಸ್ತಿ'ಯೊಂದನ್ನು ಸಾರುತ್ತಿದ್ದರು. ಜನ ನಕ್ಕರು, ಪತ್ರಿಕೆಗಳು ಮೆಚ್ಚಿದವು. ಮೊದಲನೆಯ ಪ್ರಶಸ್ತಿ, ಮನುಷ್ಯರು ಏಕೆ ಪ್ರೀತಿಸುತ್ತಾರೆಂಬ ಅಧ್ಯಯನಕ್ಕೆ ೮೪,೦೦೦ ಡಾಲರ್ ಕೊಟ್ಟ ವಿಜ್ಞಾನ ಸಂಸ್ಥೆಗೆ. ಒಮ್ಮೆ ಕೋತಿಗಳ ಸ್ವಭಾವವನ್ನು ಅಭ್ಯಸಿಸುತ್ತಿದ್ದ ವಿಜ್ಞಾನಿಯೊಬ್ಬರ ಕೆಲಸ ಈ ಪರಿಹಾಸ್ಯಕ್ಕೆ ಗುರಿಯಾಯಿತು. ಅವರು ಮಾನನಷ್ಟದ ದಾವೆ ಹೂಡಿದರು. ಸಭೆಯೊಳಗಿನ ಮಾತಿಗೆ ಸಂವಿಧಾನದ ರಕ್ಷಣೆಯುಂಟು; ಹೊರಗೆ ಹಂಚುವ ವಾರ್ತಾಪತ್ರಕ್ಕೆ ಆ ರಕ್ಷಣೆಯಿಲ್ಲವೆಂದು ೧೯೭೯ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಕೊನೆಗೆ ಪ್ರಾಕ್ಸ್‌ಮೈರ್ ೧೦,೦೦೦ ಡಾಲರ್ ಕೊಟ್ಟು, ತಮ್ಮ ಮಾತನ್ನು ತಿದ್ದಿಕೊಂಡು ರಾಜಿ ಮಾಡಿಕೊಂಡರು. ಒಂದು ಕಾಸನ್ನೂ ಮುಟ್ಟದ ಕೈ, ಚಪ್ಪಾಳೆಯ ಸದ್ದಿಗೆ ಸೋತಿತ್ತು.

ಹಾಗಾದರೆ ಹಂಗಿಲ್ಲದ ಮನುಷ್ಯನೇ ಇಲ್ಲವೇ? ಪ್ರಾಯಶಃ ಇಲ್ಲ. ಬರಿಗೈಯಿಂದ ಹಂಗು ಹರಿಯುವುದಿಲ್ಲ. ಪಡೆದರೂ ಹಂಗಿಗೆ ಬೀಳದೆ ಇರುವ ಒಂದು ರೀತಿ ಉಂಟೇ ಎಂಬುದೇ ನಾವು ಕೇಳಬೇಕಾದ ನಿಜವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ದೂರದ ದೇಶದಲ್ಲಿ ಹುಡುಕಲಾರೆ; ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿಯೇ ಹುಡುಕುತ್ತೇನೆ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ನನ್ನಂತೆಯೇ ಮಠದ ಅನ್ನವನ್ನುಂಡು ಓದಿದವರು. ಸುಗ್ಗಿಯ ಕಾಲದಲ್ಲಿ ಊರೂರಿನ ಕಣಗಳಿಂದ ಜೋಳ ಬರುತ್ತಿತ್ತು. ಒಬ್ಬರು ಚೀಲ ಕೊಟ್ಟರೆ ಇನ್ನೊಬ್ಬರು ಸೇರು ಕೊಡುತ್ತಿದ್ದರು. ಎಲ್ಲವೂ ಒಂದೇ ಹಗೇವಿನಲ್ಲಿ ಬೆರೆಯುತ್ತಿತ್ತು. ನಮ್ಮ ತಟ್ಟೆಗೆ ಬಿದ್ದ ರೊಟ್ಟಿ ಯಾರ ಹೊಲದ್ದೆಂದು ನಮಗೆ ತಿಳಿಯದು; ತಾವು ಕೊಟ್ಟ ಸೇರು ಯಾವ ಹುಡುಗನನ್ನು ಸಾಕಿತೆಂದು ಕೊಟ್ಟವರಿಗೂ ತಿಳಿಯದು. ಹೀಗಾಗಿ ನಾವು ಯಾವ ಒಬ್ಬ ಗೌಡರಿಗೂ ಬಾಗಬೇಕಾಗಲಿಲ್ಲ. ಆದರೆ ಇಡೀ ನಾಡಿಗೆ ಋಣಿಗಳಾದೆವು. ಹಂಗು ಕರಗಿ ಋಣ ಉಳಿಯಿತು. ಆ ಋಣವನ್ನು ತೀರಿಸುವ ದಾರಿ ಎಲ್ಲರಿಗೂ ಒಂದೇ ಕೊಳಗದಿಂದ ಅಳೆಯುವುದೊಂದೇ.

ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯನ್ನು ನಮ್ಮ ದೇಶ ಇತ್ತೀಚೆಗೆ ಕಂಡಿತು. ೨೦೧೮ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳಲ್ಲಿ ಕೊಟ್ಟವರ ಹೆಸರು ಗುಪ್ತವಾಗಿತ್ತು. ಯಾರಿಗೆ ಗುಪ್ತ? ಮತದಾರರಿಗೆ. ಪಡೆದ ಪಕ್ಷಕ್ಕೆ ಅದು ತಿಳಿಯದಂತಿರಲು ನಿಜವಾದ ತಡೆಯೇನೂ ಇರಲಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ಗಮನಿಸಿ, ೨೦೨೪ರ ಫೆಬ್ರವರಿ ೧೫ರಂದು ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಹಗೇವಿನಲ್ಲಿ ಕೊಟ್ಟವನ ಗುರುತು ಉಣ್ಣುವವನಿಗೆ ಮರೆಯಾಗಿ ಹಂಗು ಕರಗುತ್ತದೆ. ಇಲ್ಲಿ ನೋಡುವವನಿಗೆ ಮರೆಯಾಗಿ ಹಂಗು ಮಾತ್ರ ಉಳಿಯುತ್ತದೆ. ಎರಡೂ ಗುಪ್ತದಾನದಂತೆ ತೋರಿದರೂ ಅವುಗಳ ಅಂತರ ಬೆಳಕು ಕತ್ತಲೆಗಳ ಅಂತರ.

ನಮ್ಮ ಸಂಸತ್ತಿನ ಸದಸ್ಯನನ್ನು ಆ ಮೂರು ಪುಸ್ತಕಗಳಿಂದ ಅಳೆಯುವುದೂ ಸುಲಭವಲ್ಲ. ಇಲ್ಲಿ ಬಹುಪಾಲು ನಿರ್ಣಯಗಳು ಧ್ವನಿಮತದಿಂದಾಗುತ್ತವೆ, ಹೆಸರು ಉಳಿಯದು. ೧೯೮೫ರ ಪಕ್ಷಾಂತರ ನಿಷೇಧದ ತಿದ್ದುಪಡಿಯ ನಂತರ ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸಚಿವರಲ್ಲದ ಸದಸ್ಯರು ತಂದ ಮಸೂದೆಗಳಲ್ಲಿ ಸ್ವಾತಂತ್ರ್ಯಾನಂತರ ಕಾಯಿದೆಯಾದವು ೧೪ ಮಾತ್ರ, ಕೊನೆಯದು ೧೯೭೦ರಲ್ಲಿ. ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯುಂಟು, ಪಕ್ಷದ ವೆಚ್ಚಕ್ಕಿಲ್ಲ. ಈ ಕೊರತೆಗಳನ್ನು ಎತ್ತಿ ಆಡುವುದು ಸುಲಭ. ಆದರೆ ನಮ್ಮ ಪಾಲೇನು?

ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ಹಳೆಯ ವಿದ್ಯಾರ್ಥಿಗಳಾದ ನಾವು ಕೆಲವರು ಸೇರಿ ಒಂದು ಊರಿನಲ್ಲಿ ಸಮುದಾಯ ಭವನವನ್ನು ಕಟ್ಟಿಸುತ್ತಿದ್ದೆವು. ಚಾವಣಿಗೆ ಹಣ ಸಾಲದಾಯಿತು. ಚುನಾವಣೆ ಹತ್ತಿರದಲ್ಲಿತ್ತು. ಅಭ್ಯರ್ಥಿಯೊಬ್ಬರ ಮನೆಗೆ ನಾವೇ ಹೋದೆವು, ಅವರು ಕರೆಯಲಿಲ್ಲ. ಚಾವಣಿ ಮುಗಿಯಿತು, ಬಾಗಿಲ ಬಳಿ ಅವರ ಹೆಸರಿನ ಕಲ್ಲು ನಿಂತಿತು. ಎರಡು ವರ್ಷಗಳ ನಂತರ ಅದೇ ಭವನದಲ್ಲಿ, ಆ ಊರಿನ ಕೆರೆಯಂಗಳದ ಒತ್ತುವರಿಯಲ್ಲಿ ಅವರ ಕಡೆಯವರ ಕೈವಾಡವಿದೆಯೆಂದು ಒಬ್ಬ ವೃದ್ಧ ರೈತರು ಎದ್ದು ನಿಂತು ಕೇಳಿದರು. ವೇದಿಕೆಯ ಮೇಲೆ ಕುಳಿತಿದ್ದ ನಾವಾರೂ ಬಾಯಿ ತೆರೆಯಲಿಲ್ಲ. ನನ್ನ ದೃಷ್ಟಿ ತಾನಾಗಿ ಚಾವಣಿಯತ್ತ ಹೋಯಿತು. ಆ ರೈತರು ಸ್ವಲ್ಪ ಹೊತ್ತು ನಿಂತಿದ್ದು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಹಂಗು ಎಂದರೇನೆಂದು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಪ್ರತಿನಿಧಿ ಹಣವಂತರ ಬಾಗಿಲಿಗೆ ಹೋಗುವುದನ್ನು ನಾವು ನಿಂದಿಸುತ್ತೇವೆ. ಜಾತ್ರೆಗೆ, ತೇರಿಗೆ, ಮದುವೆಗೆ, ಭವನಕ್ಕೆ ಅವನ ಬಾಗಿಲಿಗೆ ಹೋಗಿ ನಿಲ್ಲುವವರು ಯಾರು? ನಾವು ಅವನಿಂದ ಪಡೆಯುತ್ತೇವೆ. ಅದಕ್ಕಾಗಿ ಅವನು ಮತ್ತೊಬ್ಬನಿಂದ ಪಡೆಯುತ್ತಾನೆ. ಸರಪಳಿಯ ಮೊದಲ ಕೊಂಡಿ ನಮ್ಮ ಕೈಯಲ್ಲಿಯೇ ಇದೆ.

ಆದುದರಿಂದ, ಬಂಧುಗಳೇ, ಮುಂದಿನ ಸಲ ಮತ ಕೇಳಲು ಬಂದವರನ್ನು ವಿನಯದಿಂದಲೇ ಕೂರಿಸಿ ಮೂರು ಮಾತು ಕೇಳಿರಿ: ಸಭೆಯಲ್ಲಿ ತಾವು ಯಾವುದರ ಪರವಾಗಿ, ಯಾವುದಕ್ಕೆ ವಿರೋಧವಾಗಿ ನಿಂತಿರಿ? ಕಾಣಿಕೆ ಕೊಡಲಾರದವರಿಗಾಗಿ ಯಾವ ಕೆಲಸವನ್ನು ಹೊತ್ತಿರಿ? ತಮ್ಮ ದಾರಿಯ ವೆಚ್ಚವನ್ನು ಕೊಟ್ಟವರಾರು? ಹೀಗೆ ಕೇಳುವ ಅಧಿಕಾರ ನಮಗಿರಬೇಕಾದರೆ ಅವರಿಂದ ನಾವೇನನ್ನೂ ಪಡೆದಿರಬಾರದು. ನಮ್ಮ ಭವನದ ಚಾವಣಿ ಇನ್ನೂ ಎರಡು ವರ್ಷ ತಡವಾಗಿ ಮುಗಿಯಲಿ. ಸೇರು ಸೇರಾಗಿ ಬಂದ ಧಾನ್ಯದಿಂದಲೇ ಮುಗಿಯಲಿ. ಅದರ ಕೆಳಗೆ ಎದ್ದು ನಿಂತು ಕೇಳುವ ರೈತರಿಗೆ ಆಗ ನಾವು ಉತ್ತರ ಕೊಡಬಲ್ಲೆವು.